ಲಾರಿ ಲೆಕ್ಕ ಎಲ್ಲರ ಹತ್ತಿರ ಇದೆ, ಡ್ರೈವರ್ ಲೆಕ್ಕ ಯಾರ ಹತ್ತಿರ?

ಚನ್ನಪಟ್ಟಣ ದಾಟಿ ಮದ್ದೂರಿನ ಕಡೆ ಹಳೇ ಹೆದ್ದಾರಿಯಲ್ಲಿ ಹೋದರೆ ದೊಡ್ಡಮಳೂರು ಸಿಗುತ್ತದೆ. ಹೆಚ್ಚಿನವರಿಗೆ ಈ ಊರು ಗೊತ್ತಿರುವುದು ಅಪ್ರಮೇಯ ಸ್ವಾಮಿ ದೇವಸ್ಥಾನದಿಂದ, ಅಲ್ಲಿರುವ ಅಂಬೆಗಾಲು ಕೃಷ್ಣನಿಂದ. ಅಪ್ರಮೇಯ ಅಂದರೆ ಅಳತೆಗೆ ಸಿಗದವನು ಅಂತ. ದೇವರಿಗೆ ಒಪ್ಪುವ ಹೆಸರು. ಆದರೆ ಅದೇ ರಸ್ತೆಯಲ್ಲಿ ಸರಕು ಹೊತ್ತು ಓಡಾಡುವ ಲಾರಿ ಡ್ರೈವರ್‌ನ ದುಡಿಮೆಯ ಗಂಟೆಗಳೂ ಅಳತೆಗೆ ಸಿಗದೇ ಉಳಿದಿವೆಯಲ್ಲ, ಅದರಲ್ಲಿ ದೈವಲೀಲೆ ಏನೂ ಇಲ್ಲ. ಅದು ನಾವೇ ಮಾಡಿಕೊಂಡಿರುವ ವ್ಯವಸ್ಥೆ.

ಬೆಂಗಳೂರು-ಮೈಸೂರು ನಡುವೆ ಓಡುವ ಒಂದು ಲಾರಿಯ ಮೇಲೆ ಇವತ್ತು ಎಷ್ಟು ಕಣ್ಣುಗಳಿವೆ ನೋಡಿ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಹಾಗಾಗಿ ಬಿಡದಿ ಹತ್ತಿರದ ಟೋಲ್ ದಾಟಿದ್ದು ಎಷ್ಟು ಹೊತ್ತಿಗೆ, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರು ಟೋಲ್ ದಾಟಿದ್ದು ಎಷ್ಟು ಹೊತ್ತಿಗೆ ಅನ್ನುವುದಕ್ಕೆ ದಾಖಲೆ ಇದೆ. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂತು. ಪ್ರತಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಸರಕಿಗೆ ಗಡುವು ಇದೆ. ಎಕ್ಸ್‌ಪ್ರೆಸ್‌ವೇ ತುಂಬಾ ಐಟಿಎಂಎಸ್ ಕ್ಯಾಮೆರಾಗಳು ವೇಗ ಹಿಡಿಯುತ್ತವೆ, ಸೀಟ್ ಬೆಲ್ಟ್ ನೋಡುತ್ತವೆ. ವೇಗ ನಿಯಂತ್ರಕ ಬೇರೆ. ನ್ಯಾಷನಲ್ ಪರ್ಮಿಟ್ ಗಾಡಿಗಳಿಗೆ ಲೊಕೇಶನ್ ಟ್ರ್ಯಾಕಿಂಗ್ ಉಪಕರಣ ಹಾಕಿಸಿ ಅಂತ ರಾಜ್ಯ ಸಾರಿಗೆ ಇಲಾಖೆ ಗಡುವು ಕೊಟ್ಟು, ಅದನ್ನು ವಿಸ್ತರಿಸಿದ್ದೂ ಆಯಿತು. ಇದೆಲ್ಲ ಸಾಲದೆ ಮಾಲೀಕನ ಮೊಬೈಲ್‌ನಲ್ಲಿ ಅವನದೇ ಜಿಪಿಎಸ್ ಆ್ಯಪ್.

ಇಷ್ಟೂ ಯಂತ್ರಗಳು ಸೇರಿ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಲಾರವು. ಈಗ ಸ್ಟೀರಿಂಗ್ ಹಿಡಿದಿರುವವರು ಯಾರು, ಅವರು ಎದ್ದು ಎಷ್ಟು ಗಂಟೆ ಆಯಿತು?

ಸರಕು ಎಲ್ಲಿದೆ ಅಂತ ತೆರಿಗೆ ಇಲಾಖೆಗೆ ಗೊತ್ತು. ಗಾಡಿ ಎಲ್ಲಿದೆ ಅಂತ ಮಾಲೀಕನಿಗೆ ಗೊತ್ತು. ಡ್ರೈವರ್‌ಗೆ ನಿದ್ದೆ ಆಗಿದೆಯಾ ಅನ್ನುವುದು ಅವನ ಪಕ್ಕ ಕೂತ ಕ್ಲೀನರ್‌ಗೆ ಮಾತ್ರ ಗೊತ್ತು.

ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಇರುವ ಯಂತ್ರದ ಹೆಸರು ಟ್ಯಾಕೋಗ್ರಾಫ್. ಯೂರೋಪಿನಲ್ಲಿ 2006ರ ಮೇ ತಿಂಗಳಿಂದ ಹೊಸ ಲಾರಿಗಳಲ್ಲಿ ಇದರ ಡಿಜಿಟಲ್ ರೂಪ ಕಡ್ಡಾಯ. ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಬೆರಗಾಗುವಂಥದ್ದು ಏನಿಲ್ಲ. ಗೇರ್‌ಬಾಕ್ಸ್‌ಗೆ ಕೂರಿಸಿದ ಒಂದು ಸೆನ್ಸರ್ ಚಕ್ರ ತಿರುಗಿದ್ದನ್ನು ಎಣಿಸುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿರುವ ಡಬ್ಬ ಅದನ್ನು ಬರೆದಿಡುತ್ತದೆ. ನಮ್ಮ ಜಿಪಿಎಸ್ ಡಬ್ಬವೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ವ್ಯತ್ಯಾಸ ಇರುವುದು ಒಂದು ಕಾರ್ಡಿನಲ್ಲಿ. ಎಟಿಎಂ ಕಾರ್ಡಿನಷ್ಟೇ ದೊಡ್ಡದು, ಚಿಪ್ ಇರುವಂಥದ್ದು, ಡ್ರೈವರ್‌ನ ಹೆಸರು-ಫೋಟೋ ಇರುವಂಥದ್ದು. ಗಾಡಿ ಹತ್ತಿದ ಕೂಡಲೇ ಅವನು ಅದನ್ನು ಸಿಕ್ಕಿಸಬೇಕು. ಗಾಡಿಯ ಡಬ್ಬದಲ್ಲಿ ಸುಮಾರು ಒಂದು ವರ್ಷದ ದಾಖಲೆ ಇರುತ್ತದೆ, ಕಾರ್ಡಿನಲ್ಲಿ ಕೊನೇಪಕ್ಷ 28 ದಿನಗಳದ್ದು. ಮಾಲೀಕ ಬದಲಾದರೂ, ಲಾರಿ ಬದಲಾದರೂ ಡ್ರೈವರ್‌ನ ಗಂಟೆಗಳು ಅವನ ಜೇಬಿನಲ್ಲೇ ಅವನ ಜೊತೆ ಹೋಗುತ್ತವೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು, ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ಸಲ ಮಾತ್ರ 10 ಗಂಟೆ, ಎರಡು ವಾರ ಸೇರಿ 90 ಗಂಟೆ ಮೀರುವ ಹಾಗಿಲ್ಲ. ಮೀರಿದರೆ ಕಾರ್ಡೇ ಹೇಳುತ್ತದೆ.

ಆದರೆ ಈ ಲೇಖನ ಹೆದ್ದಾರಿಯ ಬಗ್ಗೆ ಅಲ್ಲ, ಯಾರ್ಡ್ ಬಗ್ಗೆ. ಕಾರ್ಡಿನ ನಿಯಮದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲೇ.

ಯಾರ್ಡಿನೊಳಗೆ ಹತ್ತು ಮೀಟರ್

ಗೋಡೌನ್ ಆವರಣದಲ್ಲಿ ಲಾರಿಯನ್ನು ಹತ್ತು ಮೀಟರ್ ಮುಂದಕ್ಕೆ ಬಿಡಬೇಕು ಅಂದುಕೊಳ್ಳಿ. ಹಿಂದಿನ ಗಾಡಿಗೆ ಜಾಗ ಬೇಕು, ಅಷ್ಟೇ. ಇದು ಡ್ರೈವಿಂಗಾ? ಕಾರ್ಡ್ ಹಾಕಬೇಕಾ? ಡ್ರೈವರ್ ಮಲಗಿದ್ದಾನೆ, ಇನ್ಯಾರೋ ಸರಿಸಿದರೆ ಆ ಗಂಟೆ ಯಾರ ಖಾತೆಗೆ?

ಯೂರೋಪಿನ ನಿಯಮ ಸಾರ್ವಜನಿಕ ರಸ್ತೆಯ ಪ್ರಯಾಣಕ್ಕೆ ಅನ್ವಯಿಸುತ್ತದೆ. ಪೂರ್ತಿ ಖಾಸಗಿ ಆವರಣದೊಳಗೇ ಓಡುವ ಗಾಡಿಗೆ ಅದು ಅನ್ವಯ ಆಗುವುದಿಲ್ಲ, ಅದಕ್ಕೆಂದೇ ಯಂತ್ರದಲ್ಲಿ 'ಔಟ್' ಅನ್ನುವ ಆಯ್ಕೆ ಇದೆ. ಆದರೆ ಅದೇ ಡ್ರೈವರ್ ಅವತ್ತು ರಸ್ತೆಗೂ ಇಳಿಯುವವನಾಗಿದ್ದರೆ ಯಾರ್ಡಿನಲ್ಲಿ ಕಳೆದ ಹೊತ್ತು 'ಇತರ ಕೆಲಸ' ಅಂತ ದಾಖಲಾಗಲೇಬೇಕು. ಬ್ರಿಟನ್ನಿನಲ್ಲಿ ಅಧಿಕಾರಿಗಳು ಹೇಳುವುದೂ ಇದನ್ನೇ: ರಸ್ತೆಯಿಂದ ಹೊರಗೆ ಓಡಿಸಿದ್ದು ಡ್ರೈವಿಂಗ್ ಗಂಟೆಗೆ ಸೇರದೇ ಇರಬಹುದು, ದುಡಿಮೆಯ ಗಂಟೆಗೆ ಸೇರುತ್ತದೆ. ಯಾರಾದರೂ ಕಾರ್ಡ್ ಹಾಕದೆ ಗಾಡಿ ಸರಿಸಿದರೆ ಯಂತ್ರ ಅದನ್ನೂ 'ಕಾರ್ಡಿಲ್ಲದ ಚಾಲನೆ' ಅಂತ ಬರೆದಿಟ್ಟುಕೊಳ್ಳುತ್ತದೆ. ತಪಾಸಣೆಗೆ ಬಂದವರು ಅದು ಯಾರು, ಯಾಕೆ ಅಂತ ಕೇಳುತ್ತಾರೆ. ಅಮೆರಿಕದಲ್ಲಿ 2017ರ ಡಿಸೆಂಬರ್‌ನಿಂದ ಇಂಥದ್ದೇ ಎಲೆಕ್ಟ್ರಾನಿಕ್ ದಾಖಲೆ ಜಾರಿಯಲ್ಲಿದೆ. ಅಲ್ಲಿ 'ಯಾರ್ಡ್ ಮೂವ್' ಅಂತಲೇ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ 11 ಗಂಟೆಯ ಡ್ರೈವಿಂಗ್ ಮಿತಿ ಕರಗುವುದಿಲ್ಲ, ಆದರೆ ಡ್ಯೂಟಿಯ 14 ಗಂಟೆಯ ಗಡಿಯಾರ ನಿಲ್ಲುವುದೂ ಇಲ್ಲ.

ಟ್ಯಾಕೋಗ್ರಾಫ್‌ನಲ್ಲಿ ನಾಲ್ಕು ಚಿಹ್ನೆಗಳಿವೆ. ಸ್ಟೀರಿಂಗ್ ಅಂದರೆ ಚಾಲನೆ. ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಅಂದರೆ ಇತರ ಕೆಲಸ. ಮಂಚ ಅಂದರೆ ವಿಶ್ರಾಂತಿ. ನಾಲ್ಕನೆಯದು ಒಂದು ಚೌಕ, ಅದರ ಮಧ್ಯೆ ಓರೆ ಗೆರೆ. ಕೆಲಸವೂ ಅಲ್ಲದ, ವಿಶ್ರಾಂತಿಯೂ ಅಲ್ಲದ, ಕರೆದರೆ ಬರಬೇಕಾದ ಹೊತ್ತಿಗೆ ಇದು. ನನಗೆ ಇವುಗಳಲ್ಲಿ ಅತ್ಯಂತ ರಾಜಕೀಯವಾದದ್ದು ಅನ್ನಿಸುವುದು ಈ ಚೌಕ. ಯಾಕೆ ಅಂದರೆ ಕಾಯುವ ಹೊತ್ತನ್ನು ಆ ಚೌಕದೊಳಗೆ ಹಾಕಬೇಕಾದರೆ ಒಂದು ಷರತ್ತು ಇದೆ: ಎಷ್ಟು ಹೊತ್ತು ಕಾಯಬೇಕು ಅನ್ನುವುದು ಡ್ರೈವರ್‌ಗೆ ಮೊದಲೇ ಗೊತ್ತಿರಬೇಕು. 'ಎರಡು ಗಂಟೆ ಬಿಟ್ಟು ಬಾ' ಅಂದರೆ ಚೌಕ. 'ಇಲ್ಲೇ ಇರು, ಕರೀತೀವಿ' ಅಂದರೆ ಸುತ್ತಿಗೆ. 2002ರ ಯೂರೋಪಿಯನ್ ನಿರ್ದೇಶನದಲ್ಲಿರುವ ಈ ಒಂದು ಸಾಲು ಕಾಯಿಸುವವನ ಮೇಲೆ ಹೊಣೆ ಹೊರಿಸುತ್ತದೆ.

ನಮ್ಮ ಯಾರ್ಡುಗಳಲ್ಲಿ ಎಲ್ಲವೂ 'ಇಲ್ಲೇ ಇರು, ಕರೀತೀವಿ'. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ-ಮದ್ದೂರು ಸೀಮೆಯ ಸಕ್ಕರೆ ಕಾರ್ಖಾನೆಗಳ ಮುಂದೆ ಸಾಲು ನಿಂತ ಲಾರಿ, ಟ್ರ್ಯಾಕ್ಟರುಗಳನ್ನು ಒಮ್ಮೆ ನೋಡಿದವರಿಗೆ ಬೇರೆ ವಿವರಣೆ ಬೇಡ. ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಗೇಟುಗಳ ಮುಂದೆಯೂ ಅದೇ ಸಾಲು. ಬೆಂಗಳೂರಿನ ನೋ ಎಂಟ್ರಿ ಹೊತ್ತಿಗೆ ಸಿಕ್ಕಿಕೊಂಡರಂತೂ ಊರ ಹೊರಗೇ ನಿಲ್ಲಬೇಕು.

ಒಂದು ದಿನದ ಲೆಕ್ಕ

ಉದಾಹರಣೆಗೆ ಒಂದು ಟ್ರಿಪ್ ಕಲ್ಪಿಸಿಕೊಳ್ಳೋಣ. ನಂಜನಗೂಡಿನಲ್ಲಿ ಲೋಡ್, ಬಿಡದಿಯಲ್ಲಿ ಅನ್‌ಲೋಡ್. ರಾತ್ರಿ 9ಕ್ಕೆ ಡ್ರೈವರ್ ಕಾರ್ಖಾನೆ ಗೇಟಿಗೆ ಬರುತ್ತಾನೆ. ಗೇಟ್ ಪಾಸ್, ವೇಬ್ರಿಡ್ಜ್, ಸರದಿ, ಲೋಡಿಂಗ್, ಮತ್ತೆ ವೇಬ್ರಿಡ್ಜ್, ಹಗ್ಗ ಬಿಗಿದು ಟಾರ್ಪಾಲು ಹೊದಿಸಿ ಹೊರಡುವಾಗ ಹನ್ನೆರಡೂವರೆ. ನಾಲ್ಕು ಗಂಟೆಯ ಪಯಣ, ಮಧ್ಯೆ ದೊಡ್ಡಮಳೂರಿನ ಆಸುಪಾಸಿನಲ್ಲಿ ಎಲ್ಲೋ ಅರ್ಧ ಗಂಟೆ ಟೀ. ನಾಲ್ಕೂವರೆಗೆ ಬಿಡದಿ. ಅಲ್ಲಿ ಟೋಕನ್ ತಗೊಂಡು ಸಾಲಿನಲ್ಲಿ ನಿಂತರೆ ಬೆಳಿಗ್ಗೆ ಒಂಬತ್ತೂವರೆ ತನಕ ಪ್ರತಿ 20 ನಿಮಿಷಕ್ಕೊಮ್ಮೆ ಗಾಡಿ ಒಂದಷ್ಟು ಮುಂದೆ. ಆಮೇಲೆ ಎರಡು ಗಂಟೆ ಅನ್‌ಲೋಡಿಂಗ್, ಸಹಿ, ಸೀಲು. ಹನ್ನೊಂದೂವರೆಗೆ ಹೊರಗೆ.

ಜಿಪಿಎಸ್ ಪ್ರಕಾರ ಈ ಡ್ರೈವರ್ ರಸ್ತೆಯಲ್ಲಿ ಓಡಿಸಿದ್ದು ಮೂರೂವರೆ ಗಂಟೆ. ಮಾಲೀಕನ ಆ್ಯಪ್‌ನಲ್ಲಿ ಗಾಡಿ ಹತ್ತು ಗಂಟೆಗೂ ಹೆಚ್ಚು ಹೊತ್ತು ನಿಂತೇ ಇದೆ. ಆರಾಮಾಗಿ ಇದ್ದಾನಲ್ಲ, ಇನ್ನೊಂದು ಟ್ರಿಪ್ ಹೊಡೀಬಹುದು. ಆದರೆ ಅವನ ಮೈಯ ಲೆಕ್ಕದಲ್ಲಿ ಹದಿನಾಲ್ಕೂವರೆ ಗಂಟೆ ಆಗಿದೆ, ಅದರಲ್ಲಿ ಒಂದು ಇಡೀ ರಾತ್ರಿ. 20 ನಿಮಿಷಕ್ಕೊಮ್ಮೆ ಏಳಬೇಕಾದ ನಿದ್ದೆಯನ್ನು ನಿದ್ದೆ ಅಂತ ಕರೆಯೋಕೆ ಆಗಲ್ಲ. ಹನ್ನೊಂದೂವರೆಗೆ ಹೊಸ ಲೋಡ್ ಹಿಡಿದು ಅವನು ಮತ್ತೆ ಎಕ್ಸ್‌ಪ್ರೆಸ್‌ವೇ ಹತ್ತಿದ ಅಂದುಕೊಳ್ಳಿ. ಮಧ್ಯಾಹ್ನ ಎರಡಕ್ಕೆ ಮುಂದಿನ ಕಾರಿಗೆ ಗುದ್ದಿದರೆ ಎಫ್‌ಐಆರ್‌ನಲ್ಲಿ ಬರುವುದು 'ಅತಿವೇಗ ಮತ್ತು ಅಜಾಗರೂಕತೆ'. ಯಾರ್ಡಿನ ಹೆಸರು ಅಲ್ಲಿ ಎಲ್ಲೂ ಬರಲ್ಲ.

ಇನ್ನೊಂದು ಸಾಧ್ಯತೆ ಇದೆ, ಈ ಕಸುಬಿನ ಪರಿಚಯ ಇರುವವರೆಲ್ಲ ಬಲ್ಲದ್ದು. ಡ್ರೈವರ್ ಕ್ಯಾಬಿನ್ನಿನಲ್ಲಿ ಮಲಗುತ್ತಾನೆ, ಸಾಲು ಮುಂದೆ ಹೋದಾಗ ಗಾಡಿ ಸರಿಸುವುದು ಕ್ಲೀನರ್. ನಮ್ಮಲ್ಲಿ ಕ್ಲೀನರ್‌ಗಳು ಡ್ರೈವಿಂಗ್ ಕಲಿಯುವುದೇ ಹೀಗೆ. ಯಾರ್ಡೇ ಅವರ ಡ್ರೈವಿಂಗ್ ಸ್ಕೂಲು. ಮೋಟಾರು ವಾಹನ ಕಾಯ್ದೆಯ 3ನೇ ಸೆಕ್ಷನ್ ಲೈಸೆನ್ಸ್ ಕೇಳುವುದು 'ಸಾರ್ವಜನಿಕ ಸ್ಥಳ'ದಲ್ಲಿ ಓಡಿಸುವವರಿಗೆ. ಬೇಲಿ, ಗೇಟು, ಸೆಕ್ಯೂರಿಟಿ ಇರುವ ಯಾರ್ಡು ಸಾರ್ವಜನಿಕ ಸ್ಥಳವಾ ಅನ್ನುವುದು ವಾದದ ವಿಷಯ. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಕೆಲವು ಹೈಕೋರ್ಟುಗಳು ಆ ಪದವನ್ನು ವಿಶಾಲವಾಗಿಯೇ ಓದಿವೆ. ಆದರೆ ಕತ್ತಲಲ್ಲಿ, ಎರಡು ಲಾರಿಗಳ ನಡುವೆ, ರಿವರ್ಸ್ ತೆಗೆಯುವಾಗ ಹಿಂದೆ ನಿಂತ ಹಮಾಲಿಗೆ ಈ ವಾದದಿಂದ ಏನೂ ಆಗಬೇಕಾಗಿಲ್ಲ.

1961ರ ಕಾಯ್ದೆಗೆ ಇದು ಗೊತ್ತಿತ್ತು

ನಮ್ಮಲ್ಲಿ ಕಾನೂನೇ ಇಲ್ಲ ಅಂತ ಹೇಳುವವರು ಸಿಗುತ್ತಾರೆ. ಇದೆ, ಚೆನ್ನಾಗಿಯೇ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತು. ದೂರದ ಮಾರ್ಗ, ಹಬ್ಬದ ದಟ್ಟಣೆ ಅಂಥ ಸಂದರ್ಭಕ್ಕೆ ಮುಂಚಿತ ಅನುಮತಿ ಪಡೆದು 10 ಮತ್ತು 54 ಗಂಟೆ. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು. ಬಿಡುವೂ ಸೇರಿ ಒಟ್ಟು ಹರವು ದಿನಕ್ಕೆ 12 ಗಂಟೆ. ಮೇಲಿನ ಉದಾಹರಣೆಯ ಡ್ರೈವರ್ ಈ 12 ಗಂಟೆಯ ಗಡಿ ದಾಟಿದ್ದು ಬಿಡದಿಯ ಸಾಲಿನಲ್ಲಿ ನಿಂತಿದ್ದಾಗಲೇ, ಬೆಳಿಗ್ಗೆ ಒಂಬತ್ತಕ್ಕೆ.

ಗಮನಿಸಬೇಕಾದದ್ದು ಆ ಕಾಯ್ದೆ 'ದುಡಿಮೆಯ ಗಂಟೆ' ಅನ್ನುವುದನ್ನು ಹೇಗೆ ವಿವರಿಸುತ್ತದೆ ಅನ್ನುವುದನ್ನು. ಕಾರ್ಮಿಕ ಯಾವ ಹೊತ್ತಿನಲ್ಲಿ ಮಾಲೀಕನ ಅಥವಾ ಅವನ ಸೇವೆ ಕೇಳುವ ಹಕ್ಕಿರುವ ಇನ್ನೊಬ್ಬರ ಕೈಕೆಳಗೆ ಇರುತ್ತಾನೋ ಅದೆಲ್ಲ ದುಡಿಮೆ. 'ಇನ್ನೊಬ್ಬರ' ಅನ್ನುವ ಪದವನ್ನು ಗಮನಿಸಿ. ಗೋಡೌನಿನವನೂ ಅದರೊಳಗೆ ಬರುತ್ತಾನೆ. ಗಾಡಿಯನ್ನು ವಶಕ್ಕೆ ಪಡೆಯುವುದು, ಶೆಡ್ಡಿಗೆ ಹಾಕುವುದು, ಲೋಡ್ ಮಾಡಿಸುವುದು, ಇಳಿಸುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಗಾಡಿಯ ರಿಪೇರಿ ಎಲ್ಲವೂ 'ಪೂರಕ ಕೆಲಸ'ವಾಗಿ ಗಂಟೆಗೆ ಸೇರುತ್ತವೆ. ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆಯ ಬರೀ ಹಾಜರಿಯೂ ಸೇರುತ್ತದೆ. ಈ ಪದಗಳು ಎಲ್ಲಿಂದಲೋ ಉದುರಿದ್ದಲ್ಲ. ರಸ್ತೆ ಸಾರಿಗೆಯ ದುಡಿಮೆ ಗಂಟೆಗಳ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1939ರಲ್ಲಿ ಮಾಡಿದ 67ನೇ ಒಡಂಬಡಿಕೆಯಲ್ಲಿ ಹೆಚ್ಚುಕಡಿಮೆ ಇದೇ ಮಾತುಗಳಿವೆ. ಪ್ರತಿ ಡ್ರೈವರ್‌ಗೂ ಒಂದು ವೈಯಕ್ತಿಕ ಗಂಟೆ ಪುಸ್ತಕ ಇರಬೇಕು ಅಂತಲೂ ಆ ಒಡಂಬಡಿಕೆ ಹೇಳಿತ್ತು. ಚಿಪ್ ಇಲ್ಲದ ಕಾಲದ ಕಾರ್ಡ್ ಅದು. ನಾವು ವ್ಯಾಖ್ಯೆ ತಗೊಂಡೆವು, ಪುಸ್ತಕವನ್ನು ಮಾತ್ರ ಡ್ರೈವರ್ ಕೈಗೆ ಮುಟ್ಟಿಸಲಿಲ್ಲ.

15 ನಿಮಿಷದ ಸಾಲಿನಲ್ಲಿ ಒಂದು ಸಂದಿಯೂ ಇದೆ. 20 ನಿಮಿಷಕ್ಕೊಮ್ಮೆ ಗಾಡಿ ಸರಿಸುವವನ ಮಧ್ಯದ ಹೊತ್ತು 15 ನಿಮಿಷ ಮೀರಿದ್ದರಿಂದ ಅದು ದುಡಿಮೆ ಅಲ್ಲ ಅಂತ ಒಬ್ಬ ಚುರುಕು ವಕೀಲ ವಾದಿಸಬಹುದು. ನನ್ನ ಓದಿನ ಪ್ರಕಾರ ಆ ವಾದ ನಿಲ್ಲುವುದಿಲ್ಲ. 'ಕೈಕೆಳಗೆ ಇರುವ ಹೊತ್ತು' ಅನ್ನುವುದು ಮೂಲ ವ್ಯಾಖ್ಯೆ, ಉಳಿದವು ಅದಕ್ಕೆ ಸೇರಿಸಿದ್ದು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ ಇದನ್ನು ಇನ್ನಷ್ಟು ಗೋಜಲು ಮಾಡುತ್ತದೆ. ಅದು ಡ್ರೈವರ್‌ಗಳ ಗಂಟೆಗಳನ್ನು 1961ರ ಕಾಯ್ದೆಗೇ ಕಟ್ಟಿಹಾಕುತ್ತದೆ, ಗಂಟೆಗಳನ್ನು ಮೊದಲೇ ನಿಗದಿ ಮಾಡಿ ದಾಖಲಿಸಿ ಅಂತ ಮಾಲೀಕರಿಗೆ ಹೇಳುವ ಅಧಿಕಾರವನ್ನು ರಾಜ್ಯಕ್ಕೆ ಕೊಡುತ್ತದೆ. ಇಲ್ಲಿಯವರೆಗೆ ಸರಿ. ಅದೇ ಸೆಕ್ಷನ್ನಿನ 5ನೇ ಉಪಸೆಕ್ಷನ್ ಮಾತ್ರ, ಕೆಲಸ ಮಾಡದೆ ಗಾಡಿಯ ಹತ್ತಿರವೇ ಇರಬೇಕಾದ ಹೊತ್ತನ್ನು ಯಾವ ಸಂದರ್ಭದಲ್ಲಿ ವಿಶ್ರಾಂತಿ ಅಂತ ಭಾವಿಸಬಹುದು ಅನ್ನುವುದನ್ನು ರಾಜ್ಯ ಸರ್ಕಾರ ನಿಗದಿ ಮಾಡಬಹುದು ಅನ್ನುತ್ತದೆ. ಅಂದರೆ ಸುತ್ತಿಗೆಯನ್ನು ಮಂಚ ಮಾಡುವ ಪೆನ್ನು ವಿಧಾನಸೌಧದಲ್ಲಿದೆ.

2025ರಲ್ಲಿ ನಡೆದ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಪೆನ್ನಿನ ಬೆಲೆ ಗೊತ್ತಾಗುತ್ತದೆ.

ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ, ರಸ್ತೆ ಸುರಕ್ಷತೆಯ ಹಳೆಯ ಪ್ರಕರಣವೊಂದರಲ್ಲಿ, 8 ಗಂಟೆಯ ಮಿತಿ ಕಾಗದದಲ್ಲೇ ಉಳಿದಿರುವುದನ್ನು ಗಮನಿಸಿ, ರಾಜ್ಯಗಳ ಸಭೆ ಕರೆದು ಜಾರಿಯ ದಾರಿ ಹುಡುಕಿ ಅಂತ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಹೇಳಿತು. ಅದೇ ತಿಂಗಳು ನಮ್ಮಲ್ಲಿ ಲಾರಿ ಮುಷ್ಕರ ನಡೆದಿತ್ತು. ಡೀಸೆಲ್ ದರ, ಟೋಲ್, ಗಡಿ ಚೆಕ್‌ಪೋಸ್ಟ್, ಬೆಂಗಳೂರಿನ ನೋ ಎಂಟ್ರಿ ಸುದ್ದಿಯಾದವು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ ಇರಬಹುದು, ಆದರೆ ಅವು ಮಾಲೀಕರ ಬೇಡಿಕೆಗಳು. ಲಾರಿ ಮುಷ್ಕರ ಅಂದಾಗ ಟಿವಿಯಲ್ಲಿ ಮಾತಾಡುವವರು ಯಾರು, ರಸ್ತೆ ಬದಿ ಗಾಡಿ ನಿಲ್ಲಿಸಿ ಅಡುಗೆ ಮಾಡಿಕೊಳ್ಳುವವರು ಯಾರು ಅನ್ನುವುದನ್ನು ಮುಂದಿನ ಸಲ ಗಮನಿಸಿ.

ಆಗಸ್ಟ್ 29ರಂದು ಅದೇ ಕೋರ್ಟಿನಿಂದ ಯಾರ್ಡ್ ಬಗ್ಗೆಯೇ ಒಂದು ತೀರ್ಪು ಬಂತು. ವಿಶಾಖಪಟ್ಟಣದ ಉಕ್ಕು ಕಾರ್ಖಾನೆಯ ಸೆಂಟ್ರಲ್ ಡಿಸ್ಪ್ಯಾಚ್ ಯಾರ್ಡಿನೊಳಗೆ ಮಾತ್ರ ಓಡುತ್ತಿದ್ದ 36 ಗಾಡಿಗಳಿಗೆ ಆಂಧ್ರ ಸರ್ಕಾರ ರಸ್ತೆ ತೆರಿಗೆ ಹಾಕಿತ್ತು. ತಾರಾಚಂದ್ ಲಾಜಿಸ್ಟಿಕ್ ಸೊಲ್ಯೂಷನ್ಸ್ ಹೂಡಿದ ಈ ಪ್ರಕರಣದಲ್ಲಿ ನ್ಯಾಯಮೂರ್ತಿ ಮನೋಜ್ ಮಿಶ್ರಾ ಮತ್ತು ಮತ್ತೆ ಅದೇ ನ್ಯಾಯಮೂರ್ತಿ ಭುಯಾನ್ ಅವರ ಪೀಠ, ಗೋಡೆ-ಗೇಟುಗಳಿರುವ ಆ ಯಾರ್ಡು ಸಾರ್ವಜನಿಕ ಸ್ಥಳವಲ್ಲ, ಸಾರ್ವಜನಿಕ ರಸ್ತೆಯನ್ನೇ ಬಳಸದ ಗಾಡಿಗೆ ತೆರಿಗೆ ಹಾಕುವ ಹಾಗಿಲ್ಲ ಅಂತ ಹೇಳಿತು. ತೆರಿಗೆಯ ಮಟ್ಟಿಗೆ ಇದು ಸರಿಯಾದ ತೀರ್ಪೇ. ರಸ್ತೆ ಸವೆಸದವರು ರಸ್ತೆಗೆ ದುಡ್ಡು ಯಾಕೆ ಕೊಡಬೇಕು? ನನ್ನ ಆತಂಕ ಬೇರೆ. ಈ ತೀರ್ಪನ್ನು ಹಿಡಿದು, ಯಾರ್ಡು ರಸ್ತೆ ಅಲ್ಲ, ಹಾಗಾಗಿ ಅಲ್ಲಿನ ಗಂಟೆಗಳು ದುಡಿಮೆಯೂ ಅಲ್ಲ ಅನ್ನುವ ಕಡೆಗೆ ಯಾರೂ ಜಾರಬಾರದು. ತೆರಿಗೆ ಬೀಳುವುದು ಗಾಡಿಗೆ, ಗಾಡಿ ಎಲ್ಲಿದೆ ಅನ್ನುವುದರ ಮೇಲೆ. ದಣಿವು ಆಗುವುದು ಮನುಷ್ಯನಿಗೆ, ಅವನು ಗೇಟಿನ ಒಳಗಿದ್ದರೂ ಹೊರಗಿದ್ದರೂ. 1961ರ ವ್ಯಾಖ್ಯೆಯಲ್ಲಿ 'ಸಾರ್ವಜನಿಕ ಸ್ಥಳ' ಅನ್ನುವ ಪದವೇ ಇಲ್ಲ ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ನವೆಂಬರ್ 21. ಅವತ್ತು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 1961ರ ಕಾಯ್ದೆ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಕರಗಿಹೋಯಿತು. ದಿನಕ್ಕೆ 8 ಗಂಟೆ ಅನ್ನುವುದು ಉಳಿದಿದೆ. ಬದಲಾಗಿದ್ದು ಹೊಸ್ತಿಲು. ಹಳೇ ಕಾಯ್ದೆ ಐದು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗೂ ಅನ್ವಯಿಸುತ್ತಿತ್ತು. ಸಂಹಿತೆ ಶುರುವಾಗುವುದು ಹತ್ತರಿಂದ. ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು. ನಮ್ಮ ಜಿಲ್ಲೆಗಳಲ್ಲಿ ಲಾರಿ ಇಟ್ಟುಕೊಂಡಿರುವವರನ್ನು ನೆನಪು ಮಾಡಿಕೊಳ್ಳಿ: ಒಂದು ಗಾಡಿ, ಎರಡು ಗಾಡಿ, ಸ್ವಲ್ಪ ಕುದುರಿದವರಿಗೆ ಮೂರು-ನಾಲ್ಕು. ಮೂರು ಲಾರಿ, ಪ್ರತಿ ಲಾರಿಗೆ ಡ್ರೈವರ್ ಮತ್ತು ಕ್ಲೀನರ್ ಅಂದರೆ ಆರು ಜನ. ಹಳೇ ಕಾಯ್ದೆಯ ಒಳಗೆ, ಹೊಸ ಸಂಹಿತೆಯ ಹೊರಗೆ. ನಾಲ್ಕು ಲಾರಿಯ ಎಂಟು ಜನವೂ ಹೊರಗೇ. 91ನೇ ಸೆಕ್ಷನ್ ಸಾರಿಗೆ ವಾಹನ ಓಡಿಸುವ ಯಾರೇ ಆದರೂ ಅನ್ನುತ್ತದೆಯೇ ಹೊರತು ತಲೆ ಎಣಿಸುವುದಿಲ್ಲ ಅನ್ನುವುದೊಂದೇ ಉಳಿದಿರುವ ಎಳೆ. ಆ ಎಳೆ ಇನ್ನೂ ರದ್ದಾದ ಕಾಯ್ದೆಯ ಹೆಸರು ಹೇಳುತ್ತಿದೆ.

ಇಷ್ಟೆಲ್ಲ ಆದಮೇಲೆ ಟ್ಯಾಕೋಗ್ರಾಫ್ ತಂದುಬಿಡಿ, ಮುಗೀತು ಅನ್ನಬಹುದಾ? 2021ರಲ್ಲೇ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಪೈಲಟ್‌ಗಳ ಹಾಗೆ ಲಾರಿ ಡ್ರೈವರ್‌ಗಳಿಗೂ ಗಂಟೆ ನಿಗದಿ ಆಗಬೇಕು, ತೂಕಡಿಕೆ ಹಿಡಿಯುವ ಸೆನ್ಸರ್ ಬರಬೇಕು ಅಂದಿದ್ದರು. 2025ರ ಅಕ್ಟೋಬರ್‌ನಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಲ್ಲಿ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ, ಅದು ಒಳ್ಳೆಯದೇ. ಆದರೆ ಡ್ರೈವರ್‌ಗಳಿಗೆ ಯಂತ್ರದ ಬಗ್ಗೆ ಅನುಮಾನ ಇರುವುದು ಸಹಜ. ಬ್ರಿಟನ್ನಿನ ಸಾರಿಗೆ ಕಾರ್ಮಿಕ ಸಂಘಟನೆಗಳು 1970ರ ದಶಕದಲ್ಲಿ ಟ್ಯಾಕೋಗ್ರಾಫನ್ನು 'ಕ್ಯಾಬಿನ್ನಿನ ಗೂಢಚಾರ' ಅಂತ ಕರೆದು ವಿರೋಧಿಸಿದ್ದವು. ಸರ್ಕಾರವೂ ಮುಂದೂಡುತ್ತಲೇ ಹೋಯಿತು. 1979ರಲ್ಲಿ ಯೂರೋಪಿನ ನ್ಯಾಯಾಲಯ ಬ್ರಿಟನ್ ತಪ್ಪು ಮಾಡಿದೆ ಅಂತ ತೀರ್ಪು ಕೊಡಬೇಕಾಯಿತು. ನಮ್ಮ ಡ್ರೈವರ್‌ಗಳ ನೆನಪು ಇನ್ನೂ ಹಸಿಯಾಗಿದೆ. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಸೆಕ್ಷನ್ ಅಪಘಾತ ಮಾಡಿ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಅಂದಾಗ 2024ರ ಜನವರಿ ಮೊದಲ ದಿನಗಳಲ್ಲಿ ದೇಶದಾದ್ಯಂತ ಲಾರಿಗಳು ನಿಂತವು, ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆಯಿತು. ಸರ್ಕಾರ ಆ ಉಪಸೆಕ್ಷನ್ನನ್ನು ಬದಿಗಿಟ್ಟೇ ಉಳಿದದ್ದನ್ನು ಜುಲೈ 1ರಿಂದ ಜಾರಿ ಮಾಡಿತು. ಆ ಸಿಟ್ಟಿನ ಹಿಂದೆ ಇದ್ದದ್ದು ಇಷ್ಟೇ: ಅಪಘಾತದ ಹೊಣೆ ಪೂರ್ತಿ ನನ್ನದು, ಹಾಗಾದರೆ 18 ಗಂಟೆ ದುಡಿಸಿದವನ ಹೊಣೆ ಎಲ್ಲಿ?

ಕಾರ್ಡ್ ಈ ಪ್ರಶ್ನೆಗೆ ಉತ್ತರ ಆಗಬಹುದು, ಇನ್ನೊಂದು ದಂಡದ ಯಂತ್ರವೂ ಆಗಬಹುದು. ಯಾವುದಾಗುತ್ತದೆ ಅನ್ನುವುದು ಮೂರು ವಿಷಯಗಳ ಮೇಲೆ ನಿಂತಿದೆ ಅಂತ ನನಗನ್ನಿಸುತ್ತದೆ. ದಾಖಲೆ ಡ್ರೈವರ್‌ನ ಕೈಯಲ್ಲಿರಬೇಕು, ಕೋರ್ಟಿನಲ್ಲಿ ಅವನು ಅದನ್ನು ತನ್ನ ಪರವಾಗಿ ತೋರಿಸುವಂತಿರಬೇಕು. ದುಡ್ಡು ಟ್ರಿಪ್ ಲೆಕ್ಕದಲ್ಲೇ ಇರುವ ತನಕ ಯಾವ ಗಡಿಯಾರವೂ ಅವನನ್ನು ನಿಲ್ಲಿಸಲ್ಲ. ರಸ್ತೆ ಸುರಕ್ಷತೆಗೆ ಧಕ್ಕೆ ತರುವ ರೀತಿಯಲ್ಲಿ ಓಡಿಸಿದ ದೂರಕ್ಕೆ ತಕ್ಕಂತೆ ಕೂಲಿ ಕೊಡುವುದನ್ನು ಯೂರೋಪಿನ ನಿಯಮ ನಿಷೇಧಿಸಿರುವುದು ಅದಕ್ಕೇ. ಬಾಟಾದ ಮೇಲೆ ಬದುಕುವವನಿಗೆ 'ಮಲಗು' ಅನ್ನುವ ಸಲಹೆ, 'ಸಂಬಳ ಬಿಡು' ಅಂದ ಹಾಗೆ ಕೇಳಿಸುತ್ತದೆ. ಇನ್ನು ಕಾಯಿಸಿದವನು ದುಡ್ಡು ಕೊಡಬೇಕು. ಹಾಲ್ಟಿಂಗ್ ಚಾರ್ಜ್ ಅನ್ನುವ ಪದ್ಧತಿ ನಮ್ಮಲ್ಲೂ ಇದೆ, ಆದರೆ ಅದು ಪಾರ್ಟಿ ಮತ್ತು ಮಾಲೀಕನ ನಡುವಿನ ಮಾತು. ಗೋಡೌನ್ ನಡೆಸುವವನಿಗೆ ಲಾರಿ ಕಾಯುವುದು ಪುಕ್ಕಟೆ ಸಿಗುವ ತನಕ, ಸಾಲು ಕಡಿಮೆ ಮಾಡಲು ಅವನು ಒಬ್ಬ ಹಮಾಲಿಯನ್ನೂ ಹೆಚ್ಚಿಗೆ ಇಡುವುದಿಲ್ಲ. ಸಣ್ಣ ಮಾಲೀಕನನ್ನು ಮಾತ್ರ ಹಿಡಿದು ಬಡಿಯುವ ನಿಯಮ ಬಂದರೆ ಅವನು ನಾಳೆಯೇ ಡ್ರೈವರ್ ಕೈಗೆ ಎರಡು ಕಾರ್ಡ್ ಕೊಡುತ್ತಾನೆ, ಒಂದು ಕ್ಲೀನರ್ ಹೆಸರಿನದ್ದು.

ಮಂಚದ ಚಿಹ್ನೆಗೆ ಮಂಚ ಬೇಕಲ್ಲ, ಅದೂ ಒಂದು ಮಾತು. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಊರುಗಳನ್ನು ಬೈಪಾಸ್ ಮಾಡಿಕೊಂಡು ಹೋಗುತ್ತದೆ. ಆಗ ಅದರ ಬದಿಯಲ್ಲಿ ಶೌಚಾಲಯ, ವಿಶ್ರಾಂತಿ ತಾಣ ಇಲ್ಲ ಅನ್ನುವ ದೂರು ಜೋರಾಗಿಯೇ ಇತ್ತು. ಟೀ ಅಂಗಡಿ, ನೀರು, ಪಂಕ್ಚರ್ ಅಂಗಡಿ, ಗಾಡಿ ನಿಲ್ಲಿಸಿ ಅರ್ಧ ಗಂಟೆ ಕಣ್ಣು ಮುಚ್ಚುವಷ್ಟು ನೆರಳು ಇರುವುದು ಹಳೇ ರಸ್ತೆಯ ಊರುಗಳಲ್ಲಿ. ವೇಗ ಹೊಸ ರಸ್ತೆಗೆ ಹೋಯಿತು, ವಿಶ್ರಾಂತಿ ಹಳೇ ರಸ್ತೆಯಲ್ಲಿ ಉಳಿಯಿತು. ಎರಡರ ಮಧ್ಯೆ ಬೇಲಿ.

ಕರ್ನಾಟಕ ಈ ವಿಷಯದಲ್ಲಿ ಪೂರ್ತಿ ಕಣ್ಣು ಮುಚ್ಚಿಕೊಂಡಿದೆ ಅನ್ನುವಂತಿಲ್ಲ. ಡ್ರೈವರ್, ಕ್ಲೀನರ್, ಮೆಕ್ಯಾನಿಕ್‌ಗಳಿಗಾಗಿ 2024ರಲ್ಲಿ ಸೆಸ್ ಆಧಾರಿತ ಸಾಮಾಜಿಕ ಭದ್ರತೆಯ ಕಾಯ್ದೆ ಬಂತು. ಡ್ರೈವರ್ ಸತ್ತ ಮೇಲೆ ಕುಟುಂಬಕ್ಕೆ ನೆರವಾಗುವ ವ್ಯವಸ್ಥೆ ಅದರಲ್ಲಿದೆ. ಬದುಕಿರುವಾಗ ಅವನ ಗಂಟೆ ಎಣಿಸುವ ವ್ಯವಸ್ಥೆ ಅದರ ಜೊತೆಗೇ ಬರಬಹುದಿತ್ತು. ಮಂಡಳಿ ನೋಂದಾಯಿಸುವ ಡ್ರೈವರ್‌ನ ಗುರುತಿನ ಚೀಟಿಯೇ ಗಂಟೆಯ ಕಾರ್ಡ್ ಆಗುವುದಕ್ಕೆ ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ, ಟ್ರ್ಯಾಕಿಂಗ್ ಡಬ್ಬ ಹೇಗೂ ಗಾಡಿಯಲ್ಲಿ ಕೂತಿದೆ.

ಅಷ್ಟು ದೂರ ಹೋಗುವುದಕ್ಕೆ ಮುಂಚೆ ಮಾಡಬಹುದಾದ್ದು ಒಂದಿದೆ. 91(5)ರ ಪೆನ್ನು ಹಿಡಿದು ರಾಜ್ಯ ಸರ್ಕಾರ ಒಂದು ಸಾಲು ಬರೆಯಬಹುದು: ಎಷ್ಟು ಹೊತ್ತು ಅಂತ ಮೊದಲೇ ಬರೆದು ಕೊಡದೆ ಕಾಯಿಸಿದ ಯಾವ ಗಂಟೆಯೂ ವಿಶ್ರಾಂತಿ ಅಲ್ಲ. ಇದಕ್ಕೆ ಹೊಸ ಯಂತ್ರ ಬೇಡ, ಟೆಂಡರ್ ಬೇಡ. ಲಾರಿ ಒಳಗೆ ಬಂದ ಸಮಯ ಗೇಟ್ ರಿಜಿಸ್ಟರಿನಲ್ಲಿದೆ. ತೂಕ ಹಾಕಿದ ಸಮಯ, ಹೊರಟ ಸಮಯ ವೇಬ್ರಿಡ್ಜ್ ಚೀಟಿಯಲ್ಲಿ ಅಚ್ಚಾಗಿದೆ. ಆ ಚೀಟಿಯ ಒಂದು ಪ್ರತಿ ಪಾರ್ಟಿಗೆ, ಒಂದು ಪ್ರತಿ ಮಾಲೀಕನಿಗೆ ಹೋಗುತ್ತದೆ. ಮೂರನೇ ಪ್ರತಿಯನ್ನು ಡ್ರೈವರ್ ಕೈಗೆ ಕೊಡಿ ಅಂತ ನಿಯಮ ಮಾಡುವುದರಿಂದ ಶುರು ಮಾಡಬಹುದು.